ಮೆಕ್ಸಿಕೋದ ಮೆರಿಡಾ ನಗರದಲ್ಲಿ ಅಷ್ಟೊಂದು ಅರಮನೆಯಂಥ ಮನೆಗಳು ಯಾಕಿವೆ?

ಎಲ್ಲ ಹಗ್ಗದ ದುಡ್ಡು. 1821ರಲ್ಲಿ ಸ್ಪೇನ್‌ನಿಂದ ಬಿಡುಗಡೆಯಾದಾಗ ಯುಕಟಾನ್‌ನ ಈ ರಾಜಧಾನಿ ಅಂಥ ಶ್ರೀಮಂತ ಊರೇನಲ್ಲ, ಸುತ್ತ ಬೆಳ್ಳಿ ಗಣಿಗಳೂ ಇರಲಿಲ್ಲ. ಇದ್ದದ್ದು ಒಣನೆಲದಲ್ಲೂ ಬೆಳೆಯುವ ಹೆನೆಕೆನ್, ಅಂದರೆ ನಮ್ಮ ಕತ್ತಾಳೆ ಜಾತಿಯದೇ ಗಿಡ.

1880ರ ಹೊತ್ತಿಗೆ ಅಮೆರಿಕದಲ್ಲಿ ಗೋಧಿ ಕೊಯ್ದು ತಾನೇ ಸಿವುಡು ಕಟ್ಟುವ ಯಂತ್ರ ಬಂತು ನೋಡಿ, ಅದಕ್ಕೆ ಪ್ರತಿ ಸುಗ್ಗಿಗೂ ರಾಶಿ ರಾಶಿ ದಾರ ಬೇಕು, ಆ ನಾರು ಜಾಸ್ತಿ ಹೋಗಿದ್ದು ಇಲ್ಲಿಂದಲೇ. ತೋಟದ ಮಾಲೀಕರು ಆ ಲಾಭದಲ್ಲಿ ಪಸೇಯೊ ದೆ ಮೊಂತೇಹೊ ರಸ್ತೆಯುದ್ದಕ್ಕೂ ಫ್ರೆಂಚ್ ಶೈಲಿಯ ಬಂಗಲೆ ಕಟ್ಟಿಸಿದರು. ಆದರೆ ಬಿಸಿಲಲ್ಲಿ ಎಲೆ ಕೊಯ್ದವರು ಮಾಯಾ ಜನ. ತೋಟದ ಅಂಗಡಿಯಲ್ಲೇ ಸಾಲ ಮಾಡಿ, ಅದು ತೀರದೆ, ಜೀತದಾಳುಗಳಾಗಿ ಅಲ್ಲೇ ಉಳಿದುಬಿಟ್ಟರು. ಆ ಮನೆಗಳನ್ನು ನೋಡುವಾಗ ಇದನ್ನೂ ನೆನೆಯಬೇಕು ಅಲ್ವಾ?

ಆಮೇಲೆ ಬೇರೆ ದೇಶಗಳ ನಾರು, ಪ್ಲಾಸ್ಟಿಕ್ ದಾರ ಬಂದು ವ್ಯಾಪಾರ ಕುಸಿಯಿತು.