ದಿನವೂ ಎದೆಯುರಿ, ಹೊಟ್ಟೆ ಉಬ್ಬರ: ಗ್ಯಾಸ್ ಮಾತ್ರೆ ಎಷ್ಟು ದಿನ ನುಂಗಬಹುದು?

ನಿಮ್ಮ ಪ್ರಶ್ನೆಯ ಸಾರ ಇಷ್ಟು: ಕೆಲಸಕ್ಕೆಂದು ದಾವಣಗೆರೆಗೆ ಬಂದು ಕೋಣೆ ಮಾಡಿಕೊಂಡಿದ್ದೀರಿ. ಬೆಳಿಗ್ಗೆ ಬೆಣ್ಣೆ ದೋಸೆ, ಸಂಜೆ ಮಂಡಕ್ಕಿ ಮೆಣಸಿನಕಾಯಿ, ರಾತ್ರಿ ಹತ್ತೂವರೆಗೆ ಊಟ ಮಾಡಿ ಹಾಗೆಯೇ ಮಲಗುತ್ತೀರಿ. ಎದೆಯುರಿ, ಹುಳಿತೇಗು, ಹೊಟ್ಟೆ ಉಬ್ಬರ, ಮಲಬದ್ಧತೆ ಎಲ್ಲವೂ ಒಟ್ಟಿಗೆ ಶುರುವಾಗಿವೆ. ಸ್ನೇಹಿತರು ಹೇಳಿದ, ಜಠರದ ಆಮ್ಲ ತಗ್ಗಿಸುವ ಪ್ಯಾಂಟೊಪ್ರಜೋಲ್ ಮಾತ್ರೆಯನ್ನು ಊಟವಾದ ಮೇಲೆ ನುಂಗುತ್ತಿದ್ದೀರಿ. ಅರ್ಧ ಗುಣವಾಗಿದೆ, ಇನ್ನರ್ಧ ಹಾಗೆಯೇ ಇದೆ. ತಿಂದದ್ದು ಒಳಗೆ ಏನಾಗುತ್ತದೆ, ಈ ಮಾತ್ರೆಯನ್ನು ಎಷ್ಟು ದಿನ ನುಂಗಬಹುದು ಎಂದು ಕೇಳಿದ್ದೀರಿ.

ನಾನು ವೈದ್ಯನಲ್ಲ, ವಿದ್ಯಾನಗರದಲ್ಲಿ ಔಷಧ ಅಂಗಡಿ ನಡೆಸುವ ಫಾರ್ಮಸಿಸ್ಟ್. ಆದರೆ ನೀವು ಕೇಳಿದ ಪ್ರಶ್ನೆ ದಿನವೂ ನನ್ನ ಕೌಂಟರಿನ ಮುಂದೆ ಬಂದು ನಿಲ್ಲುತ್ತದೆ. ಅದನ್ನು ಬಿಡಿಸಿ ಹೇಳುವಷ್ಟು ಸಮಯ ಅಲ್ಲಿ ಸಿಗುವುದಿಲ್ಲ, ಆದ್ದರಿಂದ ಇಲ್ಲಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಅಂಗಡಿಗೆ ಬರುವ ಬಹಳಷ್ಟು ಜನರ ಮಾತು ಒಂದೇ: "ಅಣ್ಣಾ, ಗ್ಯಾಸ್ ಆಗಿದೆ, ಒಂದು ಮಾತ್ರೆ ಕೊಡಿ." ನಾನು "ಎಲ್ಲಿ, ಕೈಯಿಟ್ಟು ತೋರಿಸಿ" ಎನ್ನುತ್ತೇನೆ. ಒಬ್ಬರು ಎದೆಗುಂಡಿಯಿಂದ ಗಂಟಲಿನವರೆಗೆ ಬೆರಳಿನಲ್ಲಿ ಗೆರೆ ಎಳೆಯುತ್ತಾರೆ. ಇನ್ನೊಬ್ಬರು ಹೊಕ್ಕುಳಿನ ಸುತ್ತ ಅಂಗೈ ಆಡಿಸುತ್ತಾರೆ. ಮದುವೆ ಊಟ ಉಂಡು ಬಂದವರೊಬ್ಬರು ಬಲ ಪಕ್ಕೆಲುಬಿನ ಕೆಳಗೆ ಒತ್ತಿ ಹಿಡಿದು, ನೋವು ಬೆನ್ನಿಗೂ ಹೋಗುತ್ತದೆ ಎನ್ನುತ್ತಾರೆ. ಮತ್ತೊಬ್ಬರು ಎದೆಯ ನಡುವೆ ಮುಷ್ಟಿ ಇಟ್ಟುಕೊಂಡು ಬೆವರುತ್ತಾ ನಿಂತಿರುತ್ತಾರೆ. ಮೊದಲನೆಯದು ಜಠರದ ಆಮ್ಲ ಮೇಲೇರುವ ತೊಂದರೆ. ಎರಡನೆಯದು ಹೆಚ್ಚಾಗಿ ಕರುಳಿನ ವಾಯು. ಮೂರನೆಯದು ಪಿತ್ತಕೋಶದ ಕಲ್ಲು ಇರಬಹುದು. ನಾಲ್ಕನೆಯದು ಹೃದಯಾಘಾತವೇ ಇರಬಹುದು. ನಾಲ್ವರೂ ಕೇಳುವುದು ಅದೇ ಮಾತ್ರೆ. ಆ ಮಾತ್ರೆಗೆ ಸರಿಯಾದ ಕೆಲಸವಿರುವುದು ಮೊದಲನೆಯವರಲ್ಲಿ ಮಾತ್ರ. ನಿಮ್ಮಲ್ಲಿ ಮೊದಲನೆಯದೂ ಎರಡನೆಯದೂ ಬೆರೆತಿರುವಂತೆ ಕಾಣುತ್ತದೆ. ಅರ್ಧ ಗುಣವಾಗಿ ಅರ್ಧ ಉಳಿದದ್ದು ಅದಕ್ಕೇ ಇರಬೇಕು.

ನಿಮ್ಮ ಬೆಳಗಿನ ದೋಸೆಯನ್ನೇ ಹಿಂಬಾಲಿಸೋಣ. ಅಕ್ಕಿ, ಉದ್ದಿನಬೇಳೆ, ಮಂಡಕ್ಕಿ ಸೇರಿಸಿ ರುಬ್ಬಿದ ಹಿಟ್ಟಿನಲ್ಲಿ ಹೆಚ್ಚಿನ ಪಾಲು ಪಿಷ್ಟ. ಅದರ ಜೀರ್ಣಕ್ರಿಯೆ ಬಾಯಿಯಲ್ಲೇ ಶುರು. ಜೊಲ್ಲಿನಲ್ಲಿರುವ ಅಮೈಲೇಸ್ ಎಂಬ ಕಿಣ್ವ ಪಿಷ್ಟವನ್ನು ಸಕ್ಕರೆಯ ತುಣುಕುಗಳಾಗಿ ಒಡೆಯತೊಡಗುತ್ತದೆ. ನುಂಗಿದ ತುತ್ತು ಸುಮಾರು 25 ಸೆಂಟಿಮೀಟರ್ ಉದ್ದದ ಅನ್ನನಾಳವನ್ನು ಎಂಟು ಹತ್ತು ಸೆಕೆಂಡುಗಳಲ್ಲಿ ದಾಟುತ್ತದೆ. ಅನ್ನನಾಳ ಮುಗಿದು ಜಠರ ಶುರುವಾಗುವಲ್ಲಿ ಉಂಗುರದಂತಹ ಒಂದು ಸ್ನಾಯುವಿದೆ. ತುತ್ತು ಬಂದಾಗ ಅದು ಸಡಿಲಗೊಂಡು ಕೆಳಗೆ ಬಿಡುತ್ತದೆ, ಮತ್ತೆ ಬಿಗಿಯುತ್ತದೆ. ನಿಮ್ಮ ಎದೆಯುರಿಯ ಮೂಲ ಈ ಉಂಗುರ.

ಜಠರ ದಿನಕ್ಕೆ ಸುಮಾರು ಎರಡು ಲೀಟರ್ ರಸ ಸುರಿಸುತ್ತದೆ. ಅದರಲ್ಲಿರುವ ಹೈಡ್ರೋಕ್ಲೋರಿಕ್ ಆಮ್ಲ ಊಟದ ಜೊತೆ ಬಂದ ಬಹಳಷ್ಟು ರೋಗಾಣುಗಳನ್ನು ಕೊಲ್ಲುತ್ತದೆ ಮತ್ತು ಪ್ರೋಟೀನ್ ಒಡೆಯುವ ಪೆಪ್ಸಿನ್ ಕಿಣ್ವವನ್ನು ಎಚ್ಚರಿಸುತ್ತದೆ. ಇಷ್ಟು ತೀಕ್ಷ್ಣ ರಸ ಜಠರವನ್ನೇ ಸುಡುವುದಿಲ್ಲ, ಏಕೆಂದರೆ ಅದರ ಒಳಗೋಡೆಗೆ ಲೋಳೆಯ ದಪ್ಪ ಹೊದಿಕೆಯೂ ಆಮ್ಲವನ್ನು ಸಪ್ಪೆಗೊಳಿಸುವ ಬೈಕಾರ್ಬನೇಟ್ ಕೂಡ ಇವೆ. ಅನ್ನನಾಳಕ್ಕೆ ಇಂತಹ ರಕ್ಷಣೆ ಇಲ್ಲ. ಆಮ್ಲ ಉಂಗುರ ದಾಟಿ ಮೇಲೆ ಬಂದರೆ ಉರಿಯುತ್ತದೆ. ಬಹಳ ಮಂದಿಗೆ ಆಮ್ಲ ಹೆಚ್ಚಾಗಿರುವುದಿಲ್ಲ. ಇರಬೇಕಾದ ಆಮ್ಲವೇ ಇರಬಾರದ ಜಾಗಕ್ಕೆ ಬಂದಿರುತ್ತದೆ.

ಮೇಲೇರುವುದು ಏಕೆ? ದೋಸೆಯ ಮೇಲಿನ ಬೆಣ್ಣೆ, ಮೆಣಸಿನಕಾಯಿ ಬಜ್ಜಿಯ ಎಣ್ಣೆ ಸಣ್ಣ ಕರುಳಿನ ಆರಂಭಕ್ಕೆ ಮುಟ್ಟುತ್ತಲೇ ಅಲ್ಲಿಂದ ಒಂದು ಹಾರ್ಮೋನು ಹೊರಡುತ್ತದೆ. ಕೊಬ್ಬನ್ನು ಕರಗಿಸಲು ಸಮಯ ಬೇಕು, ಆದ್ದರಿಂದ ಜಠರ ನಿಧಾನವಾಗಿ ಖಾಲಿಯಾಗಲಿ ಎಂಬುದು ಅದರ ಸಂದೇಶ. ಅದೇ ಹಾರ್ಮೋನು ಆ ಉಂಗುರವನ್ನೂ ಸಡಿಲಿಸುತ್ತದೆ. ಮಂಡಕ್ಕಿ ಮೂಟೆಯನ್ನು ಬಾಯಿಮಟ್ಟ ತುಂಬಿ ಅಡ್ಡ ಕೆಡವಿದರೆ ಏನಾಗುತ್ತದೆಯೋ, ಹತ್ತೂವರೆಗೆ ಹೊಟ್ಟೆ ಬಿರಿಯೆ ಉಂಡು ಹನ್ನೊಂದಕ್ಕೆ ಮಲಗಿದವರ ಜಠರದಲ್ಲೂ ಅದೇ ಆಗುತ್ತದೆ. ಬೀಡಿ, ಸಿಗರೇಟು ಉಂಗುರವನ್ನು ಇನ್ನಷ್ಟು ಸಡಿಲಿಸುತ್ತವೆ. ಉರಿ ಕಡಿಮೆಯಾಗಲೆಂದು ಜನ ಸೋಡಾ ಕುಡಿಯುತ್ತಾರೆ. ಅದರ ಅನಿಲ ತೇಗಾಗಿ ಹೊರಬರುವಾಗ ಆಮ್ಲವನ್ನೂ ಎಳೆದು ತರುತ್ತದೆ.

ಬೆಣ್ಣೆ ದೋಸೆಯನ್ನು ಬಿಡಿ ಎಂದು ನಾನು ಹೇಳುವುದಿಲ್ಲ. ಬೆಳಿಗ್ಗೆ ತಿಂದವರು ದಿನವಿಡೀ ಓಡಾಡುತ್ತಾರೆ, ಜಠರಕ್ಕೆ ಸಮಯ ಸಿಗುತ್ತದೆ. ನೀವು ಮೊದಲು ಬದಲಿಸಬೇಕಾದದ್ದು ರಾತ್ರಿ ಊಟ. ಎಂಟು ಗಂಟೆಗೆ ಹಗುರವಾಗಿ ಉಣ್ಣಿ, ಊಟಕ್ಕೂ ಮಲಗುವುದಕ್ಕೂ ಎರಡು ಮೂರು ಗಂಟೆ ಅಂತರವಿರಲಿ. ಮಂಚದ ತಲೆಭಾಗದ ಕಾಲುಗಳ ಕೆಳಗೆ ಇಟ್ಟಿಗೆ ಇಟ್ಟು ಎತ್ತರಿಸಿ. ದಿಂಬಿನ ಮೇಲೆ ದಿಂಬು ಇಟ್ಟರೆ ಹೊಟ್ಟೆ ಮಡಚಿಕೊಂಡು ಒತ್ತಡ ಹೆಚ್ಚುತ್ತದೆ. ಎಡಮಗ್ಗುಲಿಗೆ ಮಲಗಿದರೆ ಆಮ್ಲ ಮೇಲೇರುವುದು ಕಡಿಮೆ.

ಈಗ ಮಾತ್ರೆಯ ವಿಷಯ. ಇದರ ಬಗ್ಗೆ ನನಗೆ ತುಂಬಾ ಕಳವಳವಿದೆ. ಜಠರದ ಗೋಡೆಯ ಜೀವಕೋಶಗಳಲ್ಲಿ ಆಮ್ಲವನ್ನು ಹೊರಹಾಕುವ ಸೂಕ್ಷ್ಮ ಪಂಪುಗಳಿವೆ. ಊಟ ಶುರುವಾದಾಗ ಅವು ಚುರುಕಾಗುತ್ತವೆ. ಪ್ಯಾಂಟೊಪ್ರಜೋಲ್ ಕಟ್ಟಿಹಾಕುವುದು ಚುರುಕಾಗಿ ಕೆಲಸ ಮಾಡುತ್ತಿರುವ ಪಂಪನ್ನೇ, ಮತ್ತು ಅದು ರಕ್ತದಲ್ಲಿ ಇರುವುದು ಕೆಲವೇ ಗಂಟೆ. ಆದ್ದರಿಂದ ಅದನ್ನು ಊಟಕ್ಕೆ ಅರ್ಧ ಗಂಟೆ ಮೊದಲು, ಸಾಮಾನ್ಯವಾಗಿ ಬೆಳಗಿನ ತಿಂಡಿಗೆ ಮೊದಲು, ಜಗಿಯದೆ ಪುಡಿ ಮಾಡದೆ ನುಂಗಬೇಕು. ನೀವು ಉಂಡ ಮೇಲೆ ನುಂಗುತ್ತಿದ್ದೀರಿ, ಪರಿಣಾಮ ತಗ್ಗಲು ಅದೂ ಒಂದು ಕಾರಣ.

ಎದೆಯುರಿಗೆ ವೈದ್ಯರು ಸಾಮಾನ್ಯವಾಗಿ ಬರೆಯುವುದು 4ರಿಂದ 8 ವಾರದ ಮಟ್ಟಿಗೆ. ಚೀಟಿಯ ಅವಧಿ ಮುಗಿದ ಮೇಲೂ ಅದೇ ಹಳೆಯ ಚೀಟಿ ಹಿಡಿದು ವರ್ಷಗಟ್ಟಲೆ ಕೊಳ್ಳುವವರನ್ನು ನೋಡಿದ್ದೇನೆ. ಬಹುಕಾಲ ತೆಗೆದುಕೊಂಡರೆ ಬಿ12 ಜೀವಸತ್ವ ಮತ್ತು ಮೆಗ್ನೀಷಿಯಂ ಕಡಿಮೆಯಾಗಬಹುದು, ಆಮ್ಲದ ಕಾವಲು ತಗ್ಗಿ ಕರುಳಿನ ಸೋಂಕು ಸುಲಭವಾಗಬಹುದು. ಇದ್ದಕ್ಕಿದ್ದಂತೆ ನಿಲ್ಲಿಸಿದರೆ ಕೆಲವು ವಾರ ಆಮ್ಲ ಮೊದಲಿಗಿಂತ ಜೋರಾಗಿ ಸುರಿಯಬಹುದು. ಜನ ಅದನ್ನು ಕಾಯಿಲೆ ಮರಳಿತೆಂದು ತಿಳಿದು ಮತ್ತೆ ಮಾತ್ರೆಗೆ ಬರುತ್ತಾರೆ. ನಿಧಾನವಾಗಿ ಇಳಿಸುವ ಕ್ರಮವನ್ನು ವೈದ್ಯರಿಂದ ಕೇಳಿಕೊಳ್ಳಿ. ವಾಂತಿ ತಡೆಯುವ ಡೊಂಪೆರಿಡೋನ್ ಔಷಧ ಸೇರಿರುವ ಕ್ಯಾಪ್ಸೂಲನ್ನಂತೂ ನೀವಾಗಿ ತಿಂಗಳುಗಟ್ಟಲೆ ನುಂಗಬೇಡಿ, ಅದು ಹೃದಯದ ಬಡಿತದ ಲಯ ಕೆಡಿಸಬಲ್ಲದು. ಹಾಗೆಂದು ಮನೆಯಲ್ಲಿ ತಂದೆಯವರು ಹೃದಯದ ಕಾಯಿಲೆಗೆ ಆಸ್ಪಿರಿನ್ ಜೊತೆ ಪ್ಯಾಂಟೊಪ್ರಜೋಲ್ ತೆಗೆದುಕೊಳ್ಳುತ್ತಿದ್ದರೆ ಈ ಬರಹ ಓದಿ ನಿಲ್ಲಿಸಬೇಡಿ. ಅವರ ಜಠರವನ್ನು ಅದು ಕಾಯುತ್ತಿರುತ್ತದೆ.

ಜಠರದ ಹುಣ್ಣಿಗೆ ಖಾರವೇ ಕಾರಣ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಖಾರ ಉರಿ ಹೆಚ್ಚಿಸಬಹುದು, ಹುಣ್ಣು ಮಾಡುವುದು ಹೆಚ್ಚಾಗಿ ಇನ್ನೆರಡು. ಒಂದು ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ. ಆಮ್ಲದಲ್ಲಿ ಏನೂ ಬದುಕದು ಎಂದು ವೈದ್ಯಲೋಕ ನಂಬಿದ್ದಾಗ ಆಸ್ಟ್ರೇಲಿಯಾದ ವೈದ್ಯ ಬ್ಯಾರಿ ಮಾರ್ಷಲ್ 1984ರಲ್ಲಿ ಆ ಬ್ಯಾಕ್ಟೀರಿಯಾವನ್ನು ತಾವೇ ಕುಡಿದು ಜಠರದ ಉರಿಯೂತ ಬರಿಸಿಕೊಂಡರು. ಅವರಿಗೂ ಅವರ ಜೊತೆ ಸಂಶೋಧನೆ ಮಾಡಿದ ರಾಬಿನ್ ವಾರೆನ್ ಅವರಿಗೂ 2005ರಲ್ಲಿ ನೊಬೆಲ್ ಬಂತು. ಪರೀಕ್ಷೆಯಲ್ಲಿ ಅದು ಸಿಕ್ಕರೆ ಆಂಟಿಬಯೋಟಿಕ್ ಸೇರಿದ ಚಿಕಿತ್ಸೆ ಬೇಕು, ಬರೀ ಗ್ಯಾಸ್ ಮಾತ್ರೆ ಸಾಲದು. ಇನ್ನೊಂದು ಕಾರಣ ನೋವಿನ ಮಾತ್ರೆ. ಎಪಿಎಂಸಿಯಲ್ಲಿ ಮೂಟೆ ಹೊರುವ ಹಮಾಲರು ಬೆನ್ನುನೋವಿಗೆ ಡೈಕ್ಲೊಫೆನಾಕ್ ಕೇಳುತ್ತಾರೆ, ಅದೂ ಖಾಲಿ ಹೊಟ್ಟೆಗೆ. ಲೋಳೆಯ ಹೊದಿಕೆಯನ್ನು ಕಾಪಾಡುವ ರಾಸಾಯನಿಕವನ್ನೇ ಈ ಮಾತ್ರೆಗಳು ತಡೆಯುತ್ತವೆ. ಹುಣ್ಣಾಗಿ ರಕ್ತ ಒಸರುವವರೆಗೂ ಕೆಲವರಿಗೆ ನೋವೇ ಗೊತ್ತಾಗುವುದಿಲ್ಲ. ನೀವು ತಲೆನೋವಿಗೋ ಬೆನ್ನುನೋವಿಗೋ ಆಗಾಗ ಮಾತ್ರೆ ನುಂಗುವವರಾದರೆ ವೈದ್ಯರಿಗೆ ಅದನ್ನೇ ಮೊದಲು ಹೇಳಿ.

ಜಠರದಿಂದ ಮುಂದಕ್ಕೆ ಸುಮಾರು ಆರು ಮೀಟರ್ ಉದ್ದದ ಸಣ್ಣ ಕರುಳು. ಮೇದೋಜ್ಜೀರಕ ಗ್ರಂಥಿಯ ರಸ, ಯಕೃತ್ತಿನಿಂದ ಬಂದು ಪಿತ್ತಕೋಶದಲ್ಲಿ ಕಾದಿದ್ದ ಪಿತ್ತರಸ ಎರಡೂ ಇಲ್ಲಿ ಬಂದು ಸೇರುತ್ತವೆ. ಪಿತ್ತರಸ ಬೆಣ್ಣೆಯನ್ನು ಸಣ್ಣ ಸಣ್ಣ ಹನಿಗಳಾಗಿ ಬಿಡಿಸುತ್ತದೆ, ಕಿಣ್ವಗಳು ಆ ಹನಿಗಳನ್ನು ಒಡೆಯುತ್ತವೆ. ಪಿತ್ತಕೋಶದಲ್ಲಿ ಕಲ್ಲಿದ್ದವರಿಗೆ ಜಿಡ್ಡಿನ ಊಟದ ನಂತರ ನೋವು ಬರುವುದು ಪಿತ್ತಕೋಶ ಹಿಂಡಿಕೊಳ್ಳುವ ಈ ಹೊತ್ತಿನಲ್ಲೇ. ಊಟದ ಸಾರವೆಲ್ಲ ರಕ್ತಕ್ಕೆ ಸೇರುವುದು ಮುಖ್ಯವಾಗಿ ಸಣ್ಣ ಕರುಳಿನಲ್ಲಿ.

ಇಲ್ಲಿ ಜೀರ್ಣವಾಗದೆ ಉಳಿದದ್ದು ಸುಮಾರು ಒಂದೂವರೆ ಮೀಟರ್ ಉದ್ದದ ದೊಡ್ಡ ಕರುಳಿಗೆ ಹೋಗುತ್ತದೆ. ನಿಮ್ಮ ಹೊಟ್ಟೆ ಉಬ್ಬರದ ಬೇರು ಹೆಚ್ಚಾಗಿ ಇಲ್ಲಿದೆ. ಅಲ್ಲಿರುವ ಕೋಟ್ಯಂತರ ಬ್ಯಾಕ್ಟೀರಿಯಾಗಳು ನಾರು, ಅವರೆಕಾಳು ಕಡಲೆಕಾಳಿನ ಕೆಲವು ಸಕ್ಕರೆಗಳನ್ನು ಹುಳಿಯಿಸಿ ಅನಿಲ ಮಾಡುತ್ತವೆ. ಅದು ಕಾಯಿಲೆಯಲ್ಲ. ಆದರೆ ಮಲ ಕಟ್ಟಿಕೊಂಡು ಕೂತರೆ ಅನಿಲಕ್ಕೆ ದಾರಿ ಸಿಗದೆ ಹೊಟ್ಟೆ ಬಿಗಿಯುತ್ತದೆ. ಆಮ್ಲದ ಮಾತ್ರೆ ಇದಕ್ಕೆ ಏನೂ ಮಾಡುವುದಿಲ್ಲ. ನಿಮ್ಮ ದಿನದ ಪಟ್ಟಿಯನ್ನು ನೋಡಿ: ದೋಸೆ, ಮಂಡಕ್ಕಿ, ಬಿಳಿ ಅನ್ನ. ಮೂರೂ ಅಕ್ಕಿಯೇ, ನಾರು ಬಹಳ ಕಡಿಮೆ. 100 ಗ್ರಾಂ ಅಕ್ಕಿಯಲ್ಲಿ ನಾರು ಸುಮಾರು 3 ಗ್ರಾಂ. ಅಷ್ಟೇ ತೂಕದ ಜೋಳದಲ್ಲಿ ಸುಮಾರು 10, ರಾಗಿಯಲ್ಲಿ 11. ಜೋಳದ ರೊಟ್ಟಿ, ಸೊಪ್ಪಿನ ಪಲ್ಯ ಸಿಗುವ ಖಾನಾವಳಿ ನಮ್ಮೂರಿನಲ್ಲಿ ಕಡಿಮೆಯೇನಲ್ಲ. ರಾತ್ರಿ ಊಟವನ್ನು ಅಲ್ಲಿಗೆ ಬದಲಿಸಿ. ನಾರನ್ನು ಒಂದೇ ದಿನ ದುಪ್ಪಟ್ಟು ಮಾಡಬೇಡಿ, ಉಬ್ಬರ ಹೆಚ್ಚುತ್ತದೆ. ವಾರ ಎರಡು ವಾರದಲ್ಲಿ ಏರಿಸಿ, ನೀರು ಚೆನ್ನಾಗಿ ಕುಡಿಯಿರಿ. ತಿಂಡಿಯಾದ ಮೇಲೆ ದೊಡ್ಡ ಕರುಳು ತಾನಾಗಿಯೇ ಚಲಿಸುತ್ತದೆ, ಆ ಹೊತ್ತಿನ ಒತ್ತಡವನ್ನು ಕೆಲಸದ ಅವಸರದಲ್ಲಿ ತಡೆಹಿಡಿಯಬೇಡಿ. ಹಾಲು ಕುಡಿದಾಗ ಮಾತ್ರ ಉಬ್ಬರವೆಂದರೆ ಲ್ಯಾಕ್ಟೋಸ್ ಜೀರ್ಣವಾಗುತ್ತಿಲ್ಲ ಎಂದು ಅನುಮಾನಿಸಬಹುದು. ಅಂಥವರಲ್ಲಿ ಬಹಳ ಮಂದಿಗೆ ಮೊಸರು, ಮಜ್ಜಿಗೆ ಒಗ್ಗುತ್ತವೆ.

ಭೇದಿಯ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳದೆ ಬಿಡಲಾರೆ. ದುಗ್ಗಮ್ಮನ ಜಾತ್ರೆಯ ಮರುದಿನ ಅಂಗಡಿಗೆ ಬರುವವರೆಲ್ಲ ಭೇದಿ ನಿಲ್ಲಿಸುವ ಮಾತ್ರೆಯನ್ನೇ ಕೇಳುತ್ತಾರೆ. ಬೇಕಾಗಿರುವುದು ಗ್ಲೂಕೋಸ್, ಉಪ್ಪು ಸೇರಿದ ಪುಡಿಯನ್ನು ನೀರಿನಲ್ಲಿ ಕಲಸಿದ ದ್ರಾವಣ, ಅಂದರೆ ಓಆರ್‌ಎಸ್. ಭೇದಿಯಾಗುತ್ತಿರುವಾಗಲೂ ಸಣ್ಣ ಕರುಳಿನ ಗೋಡೆ ಗ್ಲೂಕೋಸ್ ಮತ್ತು ಉಪ್ಪನ್ನು ಜೊತೆಯಾಗಿ ಒಳಗೆಳೆಯುತ್ತದೆ, ಅವುಗಳ ಹಿಂದೆ ನೀರೂ ಹೋಗುತ್ತದೆ. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿದಾಗ ವೈದ್ಯ ದಿಲೀಪ್ ಮಹಾಲನಬಿಸ್ ಇದೇ ದ್ರಾವಣದಿಂದ ಸಾವಿರಾರು ಜನರನ್ನು ಉಳಿಸಿದರು. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಎಂದು ಮುದ್ರಿಸಿರುವ ದೊಡ್ಡ ಪೊಟ್ಟಣ ಕೇಳಿ, ಪೂರ್ತಿ ಪೊಟ್ಟಣವನ್ನು ಒಂದು ಲೀಟರ್ ನೀರಿಗೆ ಹಾಕಿ. ಒಂದು ಲೋಟಕ್ಕೆ ಒಂದು ಚಮಚ ಎಂದು ಅಂದಾಜಿನಲ್ಲಿ ಕಲಸಬೇಡಿ. ಮಲದಲ್ಲಿ ರಕ್ತ, ಜೊತೆಗೆ ಜ್ವರ ಇದ್ದರೆ ಭೇದಿ ನಿಲ್ಲಿಸುವ ಮಾತ್ರೆ ಅಪಾಯ.

ಮುಷ್ಟಿ ಎದೆಯ ಮೇಲಿಟ್ಟುಕೊಂಡು ಬಂದವರಿಗೆ ನಾನು ಮಾತ್ರೆ ಕೊಡುವುದಿಲ್ಲ. ಎದೆಯಲ್ಲಿ ಒತ್ತಿದಂತಹ ನೋವು, ತಣ್ಣನೆಯ ಬೆವರು, ಎಡತೋಳಿಗೋ ದವಡೆಗೋ ಹರಡುವ ಸೆಳೆತ, ಉಸಿರು ಸಿಕ್ಕಿಕೊಂಡಂತಾಗುವುದು ಇದ್ದರೆ 108ಕ್ಕೆ ಕರೆ ಮಾಡಿ, ತಡಮಾಡದೆ ಆಸ್ಪತ್ರೆಗೆ ಹೋಗಿ. ಸಕ್ಕರೆ ಕಾಯಿಲೆ ಇರುವವರಲ್ಲಿ ನೋವು ಇಷ್ಟು ಸ್ಪಷ್ಟವಾಗಿ ಕಾಣಿಸದೆಯೂ ಇರಬಹುದು. ಗ್ಯಾಸ್ ಇರಬೇಕೆಂದು ರಾತ್ರಿ ಕಳೆದವರ ಮನೆಯವರು ಮರುದಿನ ಬಂದು ಹೇಳಿದ ಸುದ್ದಿಯನ್ನು ನಾನು ಕೇಳಿದ್ದೇನೆ.

ತೂಕ ತಾನಾಗಿ ಇಳಿಯುವುದು, ನುಂಗಲು ಕಷ್ಟ, ರಕ್ತವಾಂತಿ, ಡಾಂಬರಿನಂತಹ ಕಪ್ಪು ಮಲ, ರಕ್ತಹೀನತೆ, ಕಣ್ಣು ಹಳದಿಯಾಗುವುದು, ಐವತ್ತು ದಾಟಿದ ಮೇಲೆ ಹೊಸದಾಗಿ ಶುರುವಾದ ಅಜೀರ್ಣ: ಇವುಗಳಲ್ಲಿ ಯಾವುದೇ ಒಂದಿದ್ದರೂ ಊಟ ಬದಲಿಸಿ ಕಾಯುವ ಮಾತಿಲ್ಲ, ಮೊದಲು ವೈದ್ಯರು ನೋಡಬೇಕು. ಕಬ್ಬಿಣಾಂಶದ ಮಾತ್ರೆ ತಿನ್ನುವವರಿಗೂ ಮಲ ಕಪ್ಪಾಗುತ್ತದೆ, ಅದನ್ನು ತಿಳಿಸಿ.

ಇವು ಯಾವುವೂ ಇಲ್ಲವೆಂದರೆ ನಾಲ್ಕು ವಾರ ರಾತ್ರಿ ಊಟದ ಹೊತ್ತು ಮತ್ತು ನಾರಿನ ವಿಷಯ ಸರಿಪಡಿಸಿ ನೋಡಿ. ಆಗಲೂ ಉರಿ ಉಳಿದರೆ ಚಿಗಟೇರಿ ಜಿಲ್ಲಾ ಆಸ್ಪತ್ರೆಯ ಹೊರರೋಗಿ ವಿಭಾಗಕ್ಕೋ ನಿಮಗೆ ಹತ್ತಿರದ ವೈದ್ಯರಲ್ಲಿಗೋ ಹೋಗಿ. ಯಾವ ಮಾತ್ರೆ, ಎಷ್ಟು ತಿಂಗಳಿಂದ, ಊಟಕ್ಕೆ ಮೊದಲೋ ನಂತರವೋ ಎಂಬುದನ್ನು ಒಂದು ಕಾಗದದಲ್ಲಿ ಬರೆದುಕೊಂಡು ಹೋದರೆ ಅವರಿಗೆ ಅನುಕೂಲ. ಎಚ್. ಪೈಲೋರಿ ಪರೀಕ್ಷೆ ಬರೆದುಕೊಟ್ಟರೆ ಪ್ಯಾಂಟೊಪ್ರಜೋಲನ್ನು ಎರಡು ವಾರ ಮೊದಲೇ ನಿಲ್ಲಿಸಬೇಕೇ ಎಂದು ಕೇಳಿ. ಮಾತ್ರೆ ನುಂಗುತ್ತಲೇ ಪರೀಕ್ಷೆ ಮಾಡಿಸಿದರೆ ಬ್ಯಾಕ್ಟೀರಿಯಾ ಇದ್ದರೂ ಇಲ್ಲವೆಂದು ವರದಿ ಬರುವ ಸಾಧ್ಯತೆ ಇದೆ.