ಸಂಪಾದಕರ ಉತ್ತರ: ಹಳ್ಳದ ಕಲ್ಲಿಗೆ ಲೋಳೆ ಬಂದದ್ದೇಕೆ?

(ಶಿರಸಿ ತಾಲೂಕಿನ ಅಡಿಕೆ ಬೆಳೆಗಾರರೊಬ್ಬರ ಪತ್ರದ ಸಾರ: "ನಮ್ಮ ತೋಟದ ಕೆಳಗಿನ ಹಳ್ಳದ ಕಲ್ಲುಗಳಿಗೆ ಐದಾರು ವರ್ಷದಿಂದ ಬೇಸಿಗೆಯಲ್ಲಿ ಹಸಿರು ಲೋಳೆ ಕಟ್ಟುತ್ತಿದೆ. ಏಡಿ, ಸಣ್ಣ ಮೀನು ಕಡಿಮೆಯಾಗಿವೆ. ತೋಟದ ಗೊಬ್ಬರ ಹಳ್ಳಕ್ಕಿಳಿದು ಹೀಗಾಗಿದೆ ಎಂದು ಸೊಸೈಟಿಯಲ್ಲಿ ಹೇಳಿದೆ. ನೆರೆಯವರೊಬ್ಬರು, 'ಗೊಬ್ಬರ ಅಂದ್ರೆ ಊಟ ಮಾರಾಯ, ವಿಷ ಅಲ್ಲ. ಹಳ್ಳಕ್ಕೆ ಊಟ ಸಿಕ್ಕರೆ ಮೀನು ಹೆಚ್ಚಾಗಬೇಕಿತ್ತಲ್ಲ?' ಎಂದರು. ನನಗೆ ಉತ್ತರ ಹೊಳೆಯಲಿಲ್ಲ. ನೀವು ಹೇಳಿ.")

ನಮಸ್ಕಾರ.

ನಿಮ್ಮ ಪತ್ರಕ್ಕೆ ಕೂಡಲೇ ಉತ್ತರಿಸಬಹುದಿತ್ತು. ಆದರೆ ಹಳ್ಳಕ್ಕೆ ಇಳಿಯದೆ ಹಳ್ಳದ ಬಗ್ಗೆ ಬರೆಯಲು ಮನಸ್ಸಾಗಲಿಲ್ಲ. ಹೋದ ವಾರ ಊರಿಗೆ ಹೋದಾಗ ನಮ್ಮ ತೋಟದ ಕೆಳಗಿನ ಹಳ್ಳದಲ್ಲಿ ಒಂದು ಬೆಳಗು ಕಳೆದು ಬಂದೆ. ಅಲ್ಲಿ ಕಂಡದ್ದನ್ನು ಆಮೇಲೆ ಹೇಳುತ್ತೇನೆ, ಮೊದಲು ನಿಮ್ಮ ನೆರೆಯವರ ಮಾತು. ಅದು ತಳ್ಳಿಹಾಕುವಂಥ ಮಾತಲ್ಲ. ಗೊಬ್ಬರ ಊಟವೇ ಹೌದು. ಯಾರ ಊಟ ಎಂದು ಮಾತ್ರ ಅವರು ಕೇಳಿಕೊಳ್ಳಲಿಲ್ಲ.

ಘಟ್ಟದ ನಮ್ಮ ಹಳ್ಳಗಳು ಹುಟ್ಟುವುದು ಕಾನಿನ ನೆರಳಿನಲ್ಲಿ. ನೀರಿಗೆ ಬಿಸಿಲು ತಾಗುವುದೇ ಅಪರೂಪ. ಬಿಸಿಲಿಲ್ಲದಲ್ಲಿ ಪಾಚಿಯೂ ಹೆಚ್ಚು ಬೆಳೆಯದು. ಹಾಗಾದರೆ ಅಲ್ಲಿನ ಹುಳು, ಏಡಿ, ಮೀನು ಯಾವುದರಿಂದ ಬದುಕುತ್ತವೆ? ಮುಖ್ಯವಾಗಿ ದರಕಿನಿಂದ, ಅಂದರೆ ಉದುರಿದ ಒಣ ಎಲೆಯಿಂದ. ಎಲೆ ಉದುರಿ ನೀರಿಗೆ ಬೀಳುತ್ತದೆ, ಕಲ್ಲಿನ ಸಂದಿಯಲ್ಲಿ ಸಿಕ್ಕಿಕೊಳ್ಳುತ್ತದೆ, ಅದಕ್ಕೆ ಕಣ್ಣಿಗೆ ಕಾಣದಷ್ಟು ಸಣ್ಣ ಬೂಷ್ಟು ಹತ್ತುತ್ತದೆ. ಬರೀ ಎಲೆಯಲ್ಲಿ ಹುಳುಗಳಿಗೆ ದಕ್ಕುವ ಸತ್ವ ಕಡಿಮೆ. ಬೂಷ್ಟು ಹತ್ತಿ ಮೆತ್ತಗಾದ ಎಲೆಯನ್ನು ಅವು ಕೊರೆದು ತಿನ್ನುತ್ತವೆ. ಅವು ಬಿಟ್ಟ ಚೂರುಗಳನ್ನು ಕೆಳಗಿನ ಹುಳುಗಳು ಸೋಸಿ ತಿನ್ನುತ್ತವೆ, ಆ ಹುಳುಗಳನ್ನು ಮೀನು ತಿನ್ನುತ್ತದೆ. ಒಂದು ಸಲ ಉದುರಿದ ಎಲೆ ತಿಂಗಳುಗಟ್ಟಲೆ ಹಳ್ಳದ ಕಣಜದಲ್ಲಿರುತ್ತದೆ. ಇದು ಬಡತನದ ಸಂಸಾರ. ಇದ್ದದ್ದನ್ನು ಹಂಚಿಕೊಂಡು, ನಿಧಾನಕ್ಕೆ ಉಂಡು ನಡೆಯುವಂಥದ್ದು.

ಇಂಥ ಸಂಸಾರಕ್ಕೆ ಒಮ್ಮೆಲೇ ಗೊಬ್ಬರ ಸುರಿದರೆ ಏನಾಗುತ್ತದೆ? ಅಮೆರಿಕದ ಉತ್ತರ ಕೆರೊಲೈನಾದ ಕೊವೀಟಾ ಕಾಡಿನಲ್ಲಿ ವಿಜ್ಞಾನಿಗಳು ಇದನ್ನೇ ಮಾಡಿ ನೋಡಿದ್ದಾರೆ. ನೆರಳಿನ ಹಳ್ಳವೊಂದಕ್ಕೆ ಐದು ವರ್ಷ ಸಾರಜನಕ, ರಂಜಕ ಸೇರಿಸುತ್ತ ಹೋದರು. ಮೊದಲೆರಡು ವರ್ಷ ನಿಮ್ಮ ನೆರೆಯವರು ಹೇಳಿದ ಹಾಗೇ ಆಯಿತು. ಎಲೆ ತಿನ್ನುವ ಹುಳು ಹೆಚ್ಚಿದವು, ಅವನ್ನು ಹಿಡಿದು ತಿನ್ನುವ ಜೀವಿಗಳೂ ಹೆಚ್ಚಿದವು. ಆಮೇಲೆ ಲೆಕ್ಕ ತಪ್ಪಿತು. ಹುಳುಗಳು ಹೆಚ್ಚುತ್ತಲೇ ಹೋದರೂ ತಿನ್ನುವವು ಹೆಚ್ಚಲಿಲ್ಲ. ಸುಲಭವಾಗಿ ಬಾಯಿಗೆ ಸಿಗದ, ದಪ್ಪ ಮೈಯ, ಗೂಡು ಕಟ್ಟಿಕೊಂಡು ತಿರುಗುವ ಹುಳುಗಳೇ ಹಳ್ಳವನ್ನು ತುಂಬಿಕೊಂಡಿದ್ದವು. ಇದು 2010ರಲ್ಲಿ ಪ್ರಕಟವಾಯಿತು. ಅದೇ ಕಾಡಿನ ಇನ್ನಷ್ಟು ಹಳ್ಳಗಳ ಫಲಿತಾಂಶ 2015ರಲ್ಲಿ ಬಂತು: ಗೊಬ್ಬರ ಸೇರಿದ ನೀರಿನಲ್ಲಿ ಎಲೆಯ ಸತ್ವ ಉಳಿಯುವ ಅವಧಿ ಸುಮಾರು ಅರ್ಧಕ್ಕೆ ಇಳಿದಿತ್ತು. ಬೂಷ್ಟು, ಬ್ಯಾಕ್ಟೀರಿಯಾ ಕೊಬ್ಬಿ ವರ್ಷದ ಗ್ರಾಸವನ್ನು ಬೇಗ ಬೇಗ ಮುಗಿಸಿದ್ದವು. ನೆರೆಯವರಿಗೆ ಇದಿಷ್ಟನ್ನು ಹೇಳಿ. ಅವರ ಮಾತು ಎರಡು ವರ್ಷದ ಮಟ್ಟಿಗೆ ಸರಿ.

ಕೊವೀಟಾದಲ್ಲಿ ನೆರಳಾದರೂ ಇತ್ತು. ನಮ್ಮಲ್ಲಿ ಅದೂ ಹೋಗಿದೆ. ತೋಟ ವಿಸ್ತರಿಸುವಾಗ, ಪಂಪ್‌ಸೆಟ್ಟಿಗೆ ದಾರಿ ಮಾಡುವಾಗ ದಂಡೆಯ ಮರ ಕಡಿದಿದ್ದೇವೆ. ಬಿಸಿಲೂ ಗೊಬ್ಬರವೂ ಒಟ್ಟಿಗೆ ಸಿಕ್ಕಿದಾಗ ಪಾಚಿಗೆ ಹಬ್ಬ. ನಿಮ್ಮ ಲೋಳೆ ಅದೇ.

ಈಗ ನಾನು ಕಂಡದ್ದು. ಬೆಳಗಿನ ಐದೂಮುಕ್ಕಾಲಿಗೆ ಹಳ್ಳದಲ್ಲಿದ್ದೆ. ಹರಿವು ನಿಂತು ಅಲ್ಲಲ್ಲಿ ಗುಂಡಿ ಮಾತ್ರ ಉಳಿದಿತ್ತು. ಒಂದು ಗುಂಡಿಯಲ್ಲಿ ಬೆರಳುದ್ದದ ಮೀನುಗಳೆಲ್ಲ ಮೇಲಕ್ಕೆ ಬಂದು, ಬಾಯಿ ನೀರಿನ ಮೇಲ್ಮೈಗೆ ಹಚ್ಚಿ ಗುಟುಕು ಗುಟುಕು ಎನ್ನುತ್ತಿದ್ದವು. ಕಾಲು ಇಟ್ಟರೂ ಓಡಲಿಲ್ಲ. ಹತ್ತು ಗಂಟೆಗೆ ಮತ್ತೆ ಹೋದೆ. ಬಿಸಿಲು ಬಿದ್ದಿತ್ತು. ಕಲ್ಲಿನ ಪಾಚಿಯ ಎಳೆಗಳ ತುಂಬ ಸಾಸಿವೆಯಂಥ ಗುಳ್ಳೆಗಳು, ಮೀನುಗಳು ತಳದಲ್ಲಿ ಚುರುಕಾಗಿ ಓಡಾಡುತ್ತಿದ್ದವು. ಅದೇ ಗುಂಡಿ, ಅದೇ ಮೀನು, ನಾಲ್ಕು ತಾಸಿನ ಅಂತರ.

ಹಗಲು ಪಾಚಿ ಆಮ್ಲಜನಕ ಬಿಡುತ್ತದೆ, ಆ ಗುಳ್ಳೆಗಳು ಅದರವೇ. ರಾತ್ರಿ ಅದೇ ಪಾಚಿ ಉಸಿರಾಡಲು ಆಮ್ಲಜನಕ ಎಳೆದುಕೊಳ್ಳುತ್ತದೆ. ಸತ್ತು ಕೊಳೆಯುವ ಪಾಚಿಯ ಮೇಲಿನ ಬ್ಯಾಕ್ಟೀರಿಯಾ ಇನ್ನಷ್ಟು ಎಳೆಯುತ್ತವೆ. ಹೊತ್ತು ಮೂಡುವ ಮುಂಚೆ ನೀರಿನ ಉಸಿರು ಅತಿ ಕಡಿಮೆ. ಮೇಲಾಗಿ, ಬೆಚ್ಚಗಿನ ನೀರು ಹಿಡಿದಿಟ್ಟುಕೊಳ್ಳುವುದೇ ಕಡಿಮೆ: 20 ಡಿಗ್ರಿಯ ಒಂದು ಲೀಟರ್ ನೀರಿನಲ್ಲಿ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಕರಗಿದರೆ, 30 ಡಿಗ್ರಿಯಲ್ಲಿ ಏಳೂವರೆ ಮಾತ್ರ. ಮಧ್ಯಾಹ್ನ ಹಳ್ಳ ನೋಡಿ "ಎಲ್ಲ ಸರಿ ಇದೆ" ಎನ್ನುವವರಿಗೆ ಇದು ಕಾಣುವುದೇ ಇಲ್ಲ.

ಒಂದು ಕಲ್ಲು ಮಗುಚಿ, ಅದರ ಅಡಿಯನ್ನು ಬಿಳಿ ತಟ್ಟೆಯ ನೀರಿನಲ್ಲಿ ತೊಳೆದೆ. ನಾನು ಹುಡುಗನಾಗಿದ್ದಾಗ ಅಂಥ ಕಲ್ಲಿನಡಿ ಮೂರು ಕೂದಲಿನಂಥ ಬಾಲದ ಚಪ್ಪಟೆ ಮರಿಹುಳು ಸಿಗುತ್ತಿತ್ತು. ಹೊಟ್ಟೆಯ ಪಕ್ಕದಲ್ಲಿ ಎಲೆಯಂಥ ಕಿವಿರುಗಳನ್ನು ಪಟಪಟ ಆಡಿಸುತ್ತಿತ್ತು. ಅದು ಮೇಫ್ಲೈ ಎಂದು ಗೊತ್ತಾದದ್ದು ಬಹಳ ವರ್ಷದ ಮೇಲೆ. ಈ ಸಲ ಅದು ಒಂದೂ ಇರಲಿಲ್ಲ. ಅದು ಕೆರೆದು ತಿನ್ನುವುದು ಕಲ್ಲಿನ ಮೇಲಿನ ತೆಳು ಕಂದು ಪದರವನ್ನು. ಕೂದಲಿನಂಥ ಉದ್ದ ಪಾಚಿ ಅದಕ್ಕೆ ಬೇಡ. ಆ ಪಾಚಿಯಲ್ಲಿ ಕೆಸರು ಸಿಕ್ಕಿಕೊಂಡು, ಅದು ಅಡಗುವ ಸಂದಿಯೂ ಮುಚ್ಚಿಹೋಗುತ್ತದೆ. ತಟ್ಟೆಯಲ್ಲಿ ಒದ್ದಾಡಿದ್ದು ಐದಾರು ಕೆಂಪು ಹುಳು. ನಮ್ಮ ರಕ್ತದಲ್ಲಿರುವಂಥ ಹಿಮೋಗ್ಲೋಬಿನ್ ಅವುಗಳಲ್ಲೂ ಇರುವುದರಿಂದ ಉಸಿರು ಕಡಿಮೆಯಾದ ನೀರಿನಲ್ಲೂ ಬದುಕುತ್ತವೆ. ಹಳ್ಳ ಸತ್ತಿಲ್ಲ, ಮನೆಯ ಜನ ಬದಲಾಗಿದ್ದಾರೆ.

ಇನ್ನು ಲೆಕ್ಕ. ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ ಶಿಫಾರಸು ಅಡಿಕೆ ಮರವೊಂದಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್. ಎಕರೆಗೆ 550 ಮರ ಹಿಡಿದರೆ ಸಾರಜನಕವೇ 55 ಕಿಲೋ, ಅಂದರೆ ಸುಮಾರು 120 ಕಿಲೋ ಯೂರಿಯಾ. ಅದರಲ್ಲಿ ಒಂದೇ ಒಂದು ಕಿಲೋ ಸಾರಜನಕ ಹಳ್ಳಕ್ಕಿಳಿದರೂ ಹತ್ತು ಲಕ್ಷ ಲೀಟರ್ ನೀರಿನಲ್ಲಿ ಲೀಟರಿಗೆ ಒಂದು ಮಿಲಿಗ್ರಾಂ ಏರುತ್ತದೆ. ರಂಜಕಕ್ಕೆ ಪಾಚಿ ಇನ್ನೂ ಸೂಕ್ಷ್ಮ. ಮಿಲಿಗ್ರಾಮಿನ ನೂರನೇ ಭಾಗಗಳ ಲೆಕ್ಕದಲ್ಲೇ ಅದು ಕೊಬ್ಬತೊಡಗುತ್ತದೆ. ಸಾರಜನಕ ನೈಟ್ರೇಟಾಗಿ ನೀರಿನಲ್ಲಿ ಕರಗಿ ಇಳಿಯುತ್ತದೆ. ರಂಜಕ ಮಣ್ಣಿಗೆ ಅಂಟಿಕೊಂಡು, ಮಣ್ಣು ಕೊಚ್ಚಿದಾಗ ಅದರ ಜೊತೆಗೇ ಹೋಗುತ್ತದೆ. ಹಾಗಾಗಿ ಬಸಿಗಾಲುವೆಯ ಕೆಂಪು ನೀರು ನೋಡಿದಾಗಲೆಲ್ಲ ನನಗೆ ಹೊಟ್ಟೆ ಚುರ್ ಎನ್ನುತ್ತದೆ. ಒಂದು ವರ್ಷ ನಾನೇ ಸೆಪ್ಟೆಂಬರಿನಲ್ಲಿ, ಮಳೆ ಮುಗಿಯಿತೆಂದು ನಂಬಿ ಎರಡನೇ ಕಂತಿನ ಗೊಬ್ಬರ ಹಾಕಿಸಿದೆ. ಅವತ್ತೇ ರಾತ್ರಿ ಮಳೆ ಹೊಯ್ಯಿತು. ಬೆಳಿಗ್ಗೆ ಕಾಲುವೆಯೆಲ್ಲ ತುಂಬಿ ಹರಿಯುತ್ತಿತ್ತು. ಹೋದದ್ದು ನನ್ನ ದುಡ್ಡು, ಸೇರಿದ್ದು ಹಳ್ಳಕ್ಕೆ.

ಎಲ್ಲ ಪಾಪವನ್ನೂ ಗೊಬ್ಬರದ ತಲೆಗೆ ಕಟ್ಟುವುದು ನ್ಯಾಯವಲ್ಲ. ಕೊಳೆ ರೋಗಕ್ಕೆ ಹೊಡೆಯುವ ಮೈಲುತುತ್ತದ ತಾಮ್ರ ಏಡಿಗೂ ಬಸವನಹುಳುವಿಗೂ ನೇರ ವಿಷ. ಬೇಸಿಗೆಯಲ್ಲಿ ಪಂಪು ಹಚ್ಚಿ ನೀರೆತ್ತಿದಷ್ಟೂ ಉಳಿದ ನೀರಿನಲ್ಲಿ ಇವೆಲ್ಲ ಇನ್ನಷ್ಟು ದಟ್ಟವಾಗುತ್ತವೆ. ಸಾವಯವದವರೂ ಕೇಳಬೇಕಾದ ಮಾತೊಂದಿದೆ: ಗೊಬ್ಬರಗುಂಡಿ ಹಳ್ಳದ ಬದಿಗಿದ್ದರೆ ಅದರಿಂದ ಒಸರುವ ರಸ ಯೂರಿಯಾಕ್ಕಿಂತ ಸಾಧುವೇನಲ್ಲ. ಅದರ ಅಮೋನಿಯಾ, ಪಾಚಿಯಿಂದ ಕ್ಷಾರವಾದ ಹಗಲಿನ ನೀರಿನಲ್ಲಿ ಮೀನಿಗೆ ಇನ್ನಷ್ಟು ಮಾರಕ.

ನನ್ನನ್ನು ಹೆಚ್ಚು ಕಾಡುವುದು ನಮ್ಮ ಜಿಲ್ಲೆಯದೇ ಒಂದು ಜೀವ. ಸಿದ್ದಾಪುರ ತಾಲೂಕಿನ ಕತ್ತಲೆಕಾನಿನಿಂದ 2014ರಲ್ಲಿ ವಿಜ್ಞಾನಕ್ಕೆ ಹೊಸದಾಗಿ ಪರಿಚಯವಾದ ಕುಂಬಾರ ಕಪ್ಪೆ. ಗಂಡು ಕಪ್ಪೆ ಕೈಯಲ್ಲಿ ಕೆಸರು ತಂದು ಮೊಟ್ಟೆಗಳಿಗೆ ಮೆತ್ತುತ್ತದೆ, ಮಡಕೆ ಮಾಡುವವರ ಹಾಗೆ. ಮರಿಗಳು ಬೆಳೆಯುವುದು ಕೆಳಗಿನ ನೀರಿನಲ್ಲಿ. ಇಂಥ ಹಳ್ಳಗಳ ಗೊದಮೊಟ್ಟೆಗಳಿಗೆ ಅಮೋನಿಯಾ, ನೈಟ್ರೈಟ್ ತಾಳುವುದಿಲ್ಲ. ಎಷ್ಟೋ ತಲೆಮಾರುಗಳಲ್ಲಿ ರೂಢಿಯಾದ ಕುಂಬಾರಿಕೆ ಅದು. ನಮ್ಮ ಹಳ್ಳಗಳಲ್ಲಿ ಏನೇನಿದೆ ಎಂದು ಪಟ್ಟಿ ಮಾಡಿ ಮುಗಿಯುವ ಮೊದಲೇ ಕಳೆದುಕೊಳ್ಳುತ್ತೇವೆಯೋ ಎಂಬ ಭಯ ನನಗಿದೆ. ಈ ಹಳ್ಳಗಳಲ್ಲಿ ಎಷ್ಟೋ ಸೇರುವುದು ಅಘನಾಶಿನಿ ನದಿಗೆ. ಜಗತ್ತಿನ ಮಹತ್ವದ ಜೌಗುಪ್ರದೇಶಗಳ ರಾಮ್ಸರ್ ಪಟ್ಟಿಗೆ 2024ರಲ್ಲಿ ಸೇರಿದ ಅವಳ ಅಳಿವೆಯಲ್ಲಿ ಬಳಚು ಎಂಬ ಚಿಪ್ಪಿನ ಜೀವಿ ಹೆಕ್ಕಿ ಬದುಕುವವರೂ ನಮ್ಮವರೇ.

ಮಾಡಬಹುದಾದದ್ದು ಕಷ್ಟದ್ದೇನಲ್ಲ. ಮಣ್ಣು ಪರೀಕ್ಷೆ ಮಾಡಿಸಿ, ರಂಜಕ ಸಾಕಷ್ಟಿದ್ದರೆ ರಂಜಕದ ಗೊಬ್ಬರವಾದ ಡಿಎಪಿ ಹಾಕುವುದನ್ನು ಬಿಡಿ. ಒಂದೇ ಸಲ ಸುರಿಯುವ ಬದಲು ಕಂತು ಹೆಚ್ಚಿಸಿ, ಬುಡಕ್ಕೆ ಹಾಕಿ ಸೊಪ್ಪು ಮುಚ್ಚಿ. ಬಸಿಗಾಲುವೆಯ ನೀರು ನೆಟ್ಟಗೆ ಹಳ್ಳಕ್ಕೆ ಬೀಳದೆ, ಹುಲ್ಲು ಕೇದಿಗೆ ಬೆಳೆದ ತಗ್ಗಿನಲ್ಲಿ ಒಮ್ಮೆ ನಿಂತು ಹೋಗಲಿ. ಎಲ್ಲಕ್ಕಿಂತ ಮೊದಲು ನೆರಳು. ದಂಡೆಗೆ ಹೊಳೆಮತ್ತಿ, ಹೊಳೆದಾಸವಾಳ, ಹೊಂಗೆ ನೆಡಿ. ಅಪ್ಪೆಮಿಡಿ ಮರವಂತೂ ಹೊಳೆದಂಡೆಯನ್ನೇ ತವರು ಮಾಡಿಕೊಂಡದ್ದು. ನೆರಳು ಬಂದರೆ ನೀರು ತಂಪಾಗುತ್ತದೆ, ಪಾಚಿ ಸೊರಗುತ್ತದೆ, ದರಕು ಮತ್ತೆ ಬೀಳುತ್ತದೆ, ಉಪ್ಪಿನಕಾಯಿಗೆ ಮಿಡಿಯೂ ಆಗುತ್ತದೆ.

ಒಂದು ಕೋರಿಕೆ. ಈ ಬೇಸಿಗೆ ಮುಗಿಯುವುದರೊಳಗೆ ಒಂದು ದಿನ, ಹೊತ್ತು ಮೂಡುವ ಮೊದಲು, ಆ ನೆರೆಯವರನ್ನೂ ಕರೆದುಕೊಂಡು ನಿಮ್ಮ ಹಳ್ಳದ ಗುಂಡಿಯ ಹತ್ತಿರ ಹೋಗಿ. ಒಂದು ಬಿಳಿ ತಟ್ಟೆ ಒಯ್ಯಿರಿ. ನಾಲ್ಕು ಕಲ್ಲು ಮಗುಚಿ ನೋಡಿ, ಮತ್ತೆ ಮೊದಲಿದ್ದ ಹಾಗೇ ಇಡಿ. ಕಂಡದ್ದನ್ನು ಇಬ್ಬರೂ ಬರೆದು ಕಳಿಸಿ. ಅವರ ಪತ್ರವನ್ನೂ ನಿಮ್ಮ ಪತ್ರದ ಪಕ್ಕದಲ್ಲೇ ಅಚ್ಚು ಹಾಕುತ್ತೇನೆ.

– ಸಂಪಾದಕ