ರಾತ್ರಿ ಬಂದವರಿಗೆ ‘ಗುಡ್ ನೈಟ್’ ಹೇಳಬೇಡಿ

ಪ್ರಶ್ನೆ: ಮೈಸೂರಿನ ಒಂದು ಹೋಟೆಲಿನಲ್ಲಿ ರಿಸೆಪ್ಷನ್ ಕೆಲಸಕ್ಕೆ ಹೊಸದಾಗಿ ಸೇರಿದ್ದೇನೆ. ನೈಟ್ ಶಿಫ್ಟ್. ಎಂಟು ಗಂಟೆ ಮೇಲೆ ಬರುವ ಗೆಸ್ಟ್‌ಗಳಿಗೆ ‘ಗುಡ್ ನೈಟ್ ಸರ್, ವೆಲ್ಕಮ್’ ಅಂತಿದ್ದೆ. ಹಾಗೆ ಹೇಳಬಾರದು ಅಂತ ಮ್ಯಾನೇಜರ್ ಎಲ್ಲರೆದುರು ಬೈದರು. ಎಂಟರ ನಂತರ ಗುಡ್ ನೈಟ್ ಅಂತ ಒಂದು ವಿಡಿಯೊದಲ್ಲಿ ಚಾರ್ಟ್ ಹಾಕಿ ತೋರಿಸಿದ್ದರು. ಯಾವುದು ಸರಿ?

ಉತ್ತರ: ಎಲ್ಲರೆದುರು ಬೈದಿದ್ದು ತಪ್ಪು, ಆದರೆ ಮ್ಯಾನೇಜರ್ ಹೇಳಿದ್ದು ಸರಿ. ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಬರೆದರೂ ಮತ್ತೆ ಬರುತ್ತಲೇ ಇರುತ್ತದೆ. ಅದಕ್ಕೆ ಕಾರಣ ನೀವು ನೋಡಿದಂಥ ಚಾರ್ಟ್‌ಗಳೇ. ಮೂವತ್ತು ದಿನದಲ್ಲಿ ಇಂಗ್ಲಿಷ್ ಕಲಿಸುತ್ತೇವೆ ಅಂತ ದುಡ್ಡು ತಗೊಂಡು, ಕೌಂಟರ್‌ನಲ್ಲಿ ನಿಲ್ಲುವ ಹುಡುಗರ ಬಾಯಿಗೆ ಇಂಥದ್ದನ್ನು ತುಂಬುವವರ ಮೇಲೆ ನನಗೆ ನಿಜಕ್ಕೂ ಸಿಟ್ಟಿದೆ. ಬೈಸಿಕೊಳ್ಳುವವರು ಅವರಲ್ಲ, ನೀವು.

ಗುಡ್ ನೈಟ್ ಹೊರಡುವಾಗ ಅಥವಾ ಮಲಗಲು ಹೋಗುವಾಗ ಹೇಳುವ ಮಾತು. ಗಂಟೆ ಎಷ್ಟೇ ಆಗಿರಲಿ, ಎದುರುಗೊಳ್ಳುವಾಗ ಅದನ್ನು ಹೇಳುವುದಿಲ್ಲ. ಗೆಸ್ಟ್ ಹನ್ನೊಂದು ಗಂಟೆಗೆ ಸೂಟ್‌ಕೇಸ್ ಎಳೆದುಕೊಂಡು ಬಾಗಿಲಲ್ಲಿ ನಿಂತಿದ್ದಾರೆ. ಆಗ ‘ಗುಡ್ ಈವ್ನಿಂಗ್ ಸರ್, ವೆಲ್ಕಮ್’ ಅನ್ನಿ. ಹೆಸರು ಬರೆಸಿ, ಗುರುತಿನ ಚೀಟಿ ನೋಡಿ, ರೂಮಿನ ಕೀ ಕೈಗಿಟ್ಟು ಲಿಫ್ಟ್ ತೋರಿಸಿದಿರಿ. ಈಗ ಹೇಳಿ ಗುಡ್ ನೈಟ್. ಒಬ್ಬರೇ ಗೆಸ್ಟ್, ಹತ್ತು ನಿಮಿಷದಲ್ಲಿ ಎರಡು ಮಾತು, ಎರಡೂ ಸರಿ. ರಾತ್ರಿ ಒಂಬತ್ತರ ಇಂಗ್ಲಿಷ್ ವಾರ್ತೆ ನೋಡಿ. ಶುರುವಲ್ಲಿ ಗುಡ್ ಈವ್ನಿಂಗ್, ಮುಗಿಸುವಾಗ ಗುಡ್ ನೈಟ್.

ಕತ್ತಲಾದ ಮೇಲೆ ಈವ್ನಿಂಗ್ ಹೇಗಾಗುತ್ತದೆ ಅಂತ ಕೇಳುವವರಿದ್ದಾರೆ. ನಮ್ಮಲ್ಲಿ ವರ್ಷವಿಡೀ ಹೆಚ್ಚುಕಡಿಮೆ ಆರು, ಏಳರ ಒಳಗೆ ಸೂರ್ಯ ಮುಳುಗುತ್ತಾನೆ. ಹಾಗಾಗಿ ಬೆಳಕಿಗೂ ಈ ಮಾತಿಗೂ ಗಂಟು ಹಾಕುವುದು ನಮಗೆ ಸುಲಭ. ಲಂಡನ್ನಿನಲ್ಲಿ ಡಿಸೆಂಬರ್‌ನಲ್ಲಿ ನಾಲ್ಕಕ್ಕೆಲ್ಲ ಸೂರ್ಯ ಮುಳುಗಿರುತ್ತಾನೆ. ಆದರೂ ಅಲ್ಲಿನ ಆಫೀಸಿನಲ್ಲಿ ಆ ಹೊತ್ತಿಗೆ ಗುಡ್ ಆಫ್ಟರ್‌ನೂನ್ ಅಂತಲೇ ಹೇಳುತ್ತಾರೆ. ಜೂನ್‌ನಲ್ಲಿ ರಾತ್ರಿ ಒಂಬತ್ತು ದಾಟುವವರೆಗೂ ಬಿಸಿಲಿರುತ್ತದೆ. ಎಂಟಕ್ಕೆ ಊಟಕ್ಕೆ ಬಂದವರಿಗೆ ಆ ಬಿಸಿಲಲ್ಲೇ ಗುಡ್ ಈವ್ನಿಂಗ್. ಕೆಲಸ ಮುಗಿಸಿ ಮನೆಗೆ ಹೊರಡುವ ಹೊತ್ತಿನಿಂದ ಅವರ ಈವ್ನಿಂಗ್ ಶುರು. ಸುಮಾರು ಐದು, ಆರು ಗಂಟೆ ಅಂದುಕೊಳ್ಳಿ. ನಾಲ್ಕೂಮುಕ್ಕಾಲಕ್ಕೆ ಯಾವುದು ಅಂತ ತಲೆ ಕೆಡಿಸಿಕೊಳ್ಳಬೇಡಿ. ಎರಡರಲ್ಲಿ ಯಾವುದು ಹೇಳಿದರೂ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ನೈಟ್ ಶಿಫ್ಟ್‌ನವರು ನಿಜವಾಗಿ ಯೋಚಿಸಬೇಕಾದದ್ದು ಹನ್ನೆರಡು ದಾಟಿದ ಮೇಲಿನ ಹೊತ್ತನ್ನು. ಯುರೋಪಿನಿಂದ ಬರುವ ವಿಮಾನಗಳು ಬೆಂಗಳೂರಿನಲ್ಲಿ ನಡುರಾತ್ರಿ ದಾಟಿದ ಮೇಲೆ ಇಳಿಯುವುದು ಸಾಮಾನ್ಯ. ಅಲ್ಲಿಂದ ಕಾರಿನಲ್ಲಿ ಮೈಸೂರಿಗೆ ಬರುವ ಹೊತ್ತಿಗೆ ಬೆಳಗಿನ ಜಾವ. ಆಗ ಗುಡ್ ಮಾರ್ನಿಂಗ್ ಸರಿಯೇ. ಒಂದು, ಎರಡು ಗಂಟೆಗೆ ಬಂದವರಿಗೂ ಗಡಿಯಾರದ ಲೆಕ್ಕದಲ್ಲಿ ಅದು ಸರಿ. ಆದರೆ ನಿದ್ದೆಗೆಟ್ಟು ಬಂದವರಿಗೆ ಅದು ಹಿತವಾಗಿ ಕೇಳುವುದಿಲ್ಲ. ನಾನಾದರೆ ‘ಹಲೋ ಸರ್, ವೆಲ್ಕಮ್’ ಅಂತೀನಿ. ನನ್ನ ಹತ್ತಿರ ಕಲಿಯುವ ಹೋಟೆಲ್ ಹುಡುಗರಿಗೂ ಅದನ್ನೇ ಹೇಳಿಕೊಡುತ್ತೇನೆ. ಯಾವ ಹೊತ್ತಿಗೂ ತಪ್ಪಾಗದ ಮಾತು ಅದು.

ಪ್ರಶ್ನೆ: ಮಧ್ಯಾಹ್ನ ಊಟ ಆಗಿಲ್ಲದಿದ್ದರೆ ಹನ್ನೆರಡೂವರೆಗೂ ಗುಡ್ ಮಾರ್ನಿಂಗ್ ಹೇಳಬಹುದಾ?

ಉತ್ತರ: ಇಲ್ಲ. ಹನ್ನೆರಡಾದ ಮೇಲೆ ಗುಡ್ ಆಫ್ಟರ್‌ನೂನ್. ನಿಮ್ಮ ಊಟಕ್ಕೂ ಅದಕ್ಕೂ ಸಂಬಂಧ ಇಲ್ಲ.

ಪ್ರಶ್ನೆ: ಸಂಜೆ ಆರೂವರೆಗೆ ನ್ಯೂಯಾರ್ಕ್‌ನ ಕ್ಲೈಂಟ್ ಜೊತೆ ಕಾಲ್ ಇರುತ್ತದೆ. ನಮ್ಮ ಹೊತ್ತು ನೋಡಬೇಕಾ, ಅವರದಾ?

ಉತ್ತರ: ಅವರದು. ಬೇಸಿಗೆಯಲ್ಲಿ ಅಲ್ಲಿ ಆಗ ಬೆಳಿಗ್ಗೆ ಒಂಬತ್ತು. ನವೆಂಬರ್ ಮೊದಲ ಭಾನುವಾರ ಅವರು ಗಡಿಯಾರ ಹಿಂದಿಡುತ್ತಾರೆ. ಅಲ್ಲಿಂದ ಮಾರ್ಚ್‌ ಎರಡನೇ ಭಾನುವಾರದವರೆಗೆ ಎಂಟು. ಹೇಗಿದ್ದರೂ ಗುಡ್ ಮಾರ್ನಿಂಗೇ. ಲಂಡನ್, ಸಿಂಗಪುರದವರೂ ಸೇರಿದ್ದರೆ ‘ಹಲೋ ಎವ್ರಿವನ್’ ಸಾಕು. ಇಮೇಲ್‌ನಲ್ಲಂತೂ ಹೊತ್ತಿನ ಮಾತೇ ಬೇಡ. ನೀವು ಬೆಳಿಗ್ಗೆ ಬರೆದಿದ್ದನ್ನು ಅವರು ರಾತ್ರಿ ಓದಬಹುದು, ಅಲ್ವಾ?

ಪ್ರಶ್ನೆ: ‘ಗುಡ್ ಡೇ’ ಎಲ್ಲ ಹೊತ್ತಿಗೂ ಆಗುತ್ತದೆ ಅಂತಾರೆ. ನಿಜವಾ?

ಉತ್ತರ: ಆಸ್ಟ್ರೇಲಿಯಾದಲ್ಲಿ ‘ಗಿಡೇ’ ಸಲುಗೆಯ ಮಾತು. ಇಂಗ್ಲೆಂಡಿನವರಿಗೆ ‘ಗುಡ್ ಡೇ’ ಅಂದರೆ ಹಳೇ ಕಾಲದ ಮಾತು, ಕೆಲವೊಮ್ಮೆ ‘ಇನ್ನು ಹೊರಡಿ’ ಅಂದಂತೆಯೂ ಕೇಳುತ್ತದೆ. ಕೌಂಟರ್‌ನಲ್ಲಿ ಬೇಡ.

ಪ್ರಶ್ನೆ: ಸರಿಯಾಗಿ ಹನ್ನೆರಡು ಗಂಟೆಗೆ ‘ಗುಡ್ ನೂನ್’?

ಉತ್ತರ: ಬೇಡ. ಆಫ್ಟರ್‌ನೂನ್ ಅಂದರೆ ಸಾಕು.